ಹಳೆ ಬೈಕಿಗೆ ಪೆಟ್ರೋಲ್ ಫಿಲ್ಟರ್: ಯಾವುದು ಹಾಕೋದು, ಹೇಗೆ ಹಾಕೋದು, ಹಾಕಲೇಬೇಕಾ?

ಈ ಮಳೆಗಾಲದಲ್ಲಿ ಮೂರು ಜನ ನನಗೆ ಒಂದೇ ಪ್ರಶ್ನೆ ಕೇಳಿದರು. ಡೊಂಬಿವಲಿಯ ಗೆಳೆಯ, ಮೂಲ ಮಂಗಳೂರು ಕಡೆಯವನು, ಅವನದು ಆರ್‌ಎಕ್ಸ್ 100. ಮಡಗಾಂವ್‌ನಲ್ಲಿರುವ ನನ್ನ ಸೋದರಮಾವನ ಮಗನದು ಹಳೆ ಬುಲೆಟ್. ಇಲ್ಲೇ ಚಿಂಚವಡದಲ್ಲಿ ಪಕ್ಕದ ಬಿಲ್ಡಿಂಗಿನ ವಿಜಯಪುರದ ಕಾಕಾ ಇನ್ನೂ ಹಳೆ ಸ್ಪ್ಲೆಂಡರ್ ಮೇಲೇ ತರಕಾರಿಗೆ ಹೋಗುತ್ತಾರೆ. ಮೂವರ ಗೋಳೂ ಒಂದೇ. ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೋರೇಟರ್ ಬಿಚ್ಚಿ ತೊಳೆಸಿದರೆ ಹದಿನೈದು ದಿನ ಸರಿ, ಆಮೇಲೆ ಮತ್ತೆ ಮಿಸ್ಸಿಂಗ್, ಎಂಜಿನ್ ತಡವರಿಸುತ್ತದೆ. ಪುಣೆಯಲ್ಲಿ ಯಾವ ಗ್ಯಾರೇಜಿಗೆ ಹೋದರೂ ಇದಕ್ಕೆ ಒಂದೇ ಉತ್ತರ, "ಕಚರಾ ಆಹೆ". ಕಸ ಇದೆ, ಸರಿ. ಎಲ್ಲಿಂದ ಬಂತು ಅಂತ ಯಾರೂ ಹೇಳುವುದಿಲ್ಲ. ಒಂದು ಫಿಲ್ಟರ್ ಸಿಕ್ಕಿಸಿ ಕಳಿಸುತ್ತಾರೆ.

ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಎಚ್ಚರಿಕೆ. ಇದೆಲ್ಲ ಕಾರ್ಬೋರೇಟರ್ ಇರುವ, ಟ್ಯಾಂಕಿನಿಂದ ಪೆಟ್ರೋಲ್ ತಾನಾಗಿ ಕೆಳಗಿಳಿಯುವ ಬೈಕುಗಳಿಗೆ ಮಾತ್ರ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲಿನ ಬೈಕುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೋರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್ ಇದೆ. ಅಲ್ಲಿ ಪಂಪಿನ ಒತ್ತಡ ಬಹಳ. ಈ ಪುಟಾಣಿ ಪ್ಲಾಸ್ಟಿಕ್ ಫಿಲ್ಟರ್ ಆ ಪೈಪಿಗೆ ಹಾಕಿದರೆ ಸಿಡಿದು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚೆಲ್ಲೀತು.

ಈಗ ನನ್ನ ಕಥೆ. ನನ್ನದು ಯೆಜ್ಡಿ, 250 ಸಿಸಿ, ಮೈಸೂರಿನಲ್ಲಿ ಹುಟ್ಟಿ ಈಗ ಪುಣೆಯಲ್ಲಿ ಹೊಗೆ ಬಿಡುತ್ತಿದೆ. ಮೂರು ವರ್ಷದ ಹಿಂದೆ ಅದರಲ್ಲಿ ಬೆಳಗಾವಿಗೆ ಹೊರಟಿದ್ದೆ. ಹಿಂದಿನ ದಿನ ನಾನಾ ಪೇಠದ ಒಂದು ಅಂಗಡಿಯಲ್ಲಿ ಫಿಲ್ಟರ್ ಕೇಳಿದೆ. "ಸಾಹೇಬ್, ಹಾ ಘ್ಯಾ, ಕಾರಚಾ ಫಿಲ್ಟರ್ ಆಹೆ" ಅಂದ. ಕಾರಿನದು ಅಂದ ಮೇಲೆ ಬೈಕಿಗೆ ಸಾಕೋ ಸಾಕು ಅಂದುಕೊಂಡೆ. ಊರೊಳಗೆ ಚೆನ್ನಾಗೇ ಓಡಿತು. ಕಾತ್ರಜ್ ಸುರಂಗ ದಾಟುವವರೆಗೂ ಏನೂ ಇಲ್ಲ. ಖಂಬಾಟ್ಕಿ ಘಾಟ್ ಏರುವಾಗ ಪೂರ್ತಿ ಆಕ್ಸಲರೇಟರ್ ಕೊಟ್ಟಿದ್ದೇ ತಡ, ಗಾಡಿ ಉಸಿರುಗಟ್ಟಿದ ಹಾಗೆ ಮಾಡಿ ನಿಂತುಬಿಟ್ಟಿತು. ಎರಡು ನಿಮಿಷ ನಿಂತು ಒದ್ದರೆ ಸ್ಟಾರ್ಟ್. ಅರ್ಧ ಕಿಲೋಮೀಟರ್ ಹೋದರೆ ಮತ್ತೆ ಅದೇ. ಮೂರನೇ ಸಲ ಪೈಪ್ ಕಳಚಿ ಬಾಟಲಿಗೆ ಹಿಡಿದೆ. ಒಂದು ನಿಮಿಷಕ್ಕೆ ಒಂದು ಕಟಿಂಗ್ ಚಹಾದಷ್ಟೂ ಪೆಟ್ರೋಲ್ ಇಳಿಯಲಿಲ್ಲ!

ಫಿಲ್ಟರ್ ಕೆಟ್ಟದ್ದಾಗಿರಲಿಲ್ಲ. ತಪ್ಪು ಜಾಗದಲ್ಲಿತ್ತು, ಅಷ್ಟೇ. ಹಳೆ ಕಾರಿನಲ್ಲಿ ಪಂಪ್ ಪೆಟ್ರೋಲನ್ನು ತಳ್ಳುತ್ತದೆ. ಬೈಕಿನಲ್ಲಿ ತಳ್ಳುವವರು ಯಾರೂ ಇಲ್ಲ, ಟ್ಯಾಂಕು ಮೇಲಿದೆ, ಕಾರ್ಬೋರೇಟರ್ ಕೆಳಗಿದೆ, ಆ ಒಂದು ಗೇಣು ಎತ್ತರವೇ ಎಲ್ಲ. ಕಾರಿನ ಪಂಪಿನ ಒತ್ತಡದ ಹತ್ತನೇ ಒಂದು ಪಾಲೂ ಅಲ್ಲಿಲ್ಲ. ಟ್ಯಾಂಕ್ ರಿಸರ್ವ್‌ಗೆ ಬಂದಾಗಂತೂ ಇನ್ನೂ ಕಡಿಮೆ. ದಪ್ಪ ಕಾಗದದ ಫಿಲ್ಟರ್ ದಾಟಲು ಪೆಟ್ರೋಲಿಗೆ ಶಕ್ತಿಯೇ ಇರುವುದಿಲ್ಲ.

ನಿಮ್ಮದು ಯೆಜ್ಡಿ, ಆರ್‌ಎಕ್ಸ್ 100 ಥರದ ಟೂ ಸ್ಟ್ರೋಕ್ ಆದರೆ ಇದು ಬರೀ ತಲೆನೋವಲ್ಲ, ಅಪಾಯ. ಪೂರ್ತಿ ಆಕ್ಸಲರೇಟರ್‌ನಲ್ಲಿ ಪೆಟ್ರೋಲ್ ಸಾಲದೆ ಹೋದರೆ ಗಾಳಿ ಜಾಸ್ತಿಯಾಗಿ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಯೆಜ್ಡಿಯಂಥ ಗಾಡಿಯಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ, ಹಾಗಾಗಿ ಅದೂ ಕಡಿಮೆ. ಪಿಸ್ಟನ್ ಸೀಜ್ ಆಗಲು, ಅಂದರೆ ಸಿಲಿಂಡರಿನಲ್ಲೇ ಕಚ್ಚಿಕೊಂಡು ನಿಲ್ಲಲು, ಇನ್ನೇನು ಬೇಕು? ಅವತ್ತು ನನ್ನದು ಉಳಿದದ್ದು ಅದೃಷ್ಟ. ಫಿಲ್ಟರ್ ಬಿಸಾಡಿ, ಬರೀ ಪೈಪ್ ಹಾಕಿಕೊಂಡು ಬೆಳಗಾವಿ ಮುಟ್ಟಿದೆ.

ಏನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮೊದಲು ಹರಿವು. ಅಂಗಡಿಯಲ್ಲಿ ಎಲ್ಲರೂ "ಎಷ್ಟು ಸಣ್ಣ ಕಸ ಹಿಡಿಯುತ್ತೆ" ಅಂತ ಕೇಳುತ್ತಾರೆ. "ಎಷ್ಟು ಪೆಟ್ರೋಲ್ ಬಿಡುತ್ತೆ" ಅಂತ ಕೇಳಿದವರನ್ನು ನಾನಿನ್ನೂ ನೋಡಿಲ್ಲ. ಲೆಕ್ಕ ಸುಲಭ. ನಿಮ್ಮ ಗಾಡಿ ಲೀಟರಿಗೆ 30 ಕಿಲೋಮೀಟರ್ ಕೊಡುತ್ತದೆ, ನೀವು ಗಂಟೆಗೆ 60ರಲ್ಲಿ ಹೋಗುತ್ತೀರಿ ಅಂದುಕೊಳ್ಳಿ. ಗಂಟೆಗೆ ಎರಡು ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 33 ಮಿಲಿ. ಘಾಟ್ ಏರುವಾಗ, ಇಬ್ಬರು ಕೂತಾಗ, ಇದರ ಎರಡು ಪಟ್ಟಿಗಿಂತ ಜಾಸ್ತಿಯೂ ಬೇಕಾದೀತು. ಹಾಗಾಗಿ ನಿಮಿಷಕ್ಕೆ 150 ಮಿಲಿ ಇಳಿದರೆ ನಿಶ್ಚಿಂತೆ. ಇದು ನಾನು ಇಟ್ಟುಕೊಂಡ ಅಳತೆ, ಯಾವ ಕಂಪನಿಯೂ ಹೇಳಿದ್ದಲ್ಲ. ಪರೀಕ್ಷೆ ಮಾಡುವುದು ಟ್ಯಾಂಕ್ ಹೆಚ್ಚುಕಡಿಮೆ ಖಾಲಿ ಇರುವಾಗ, ಪೈಪಿನ ತುದಿಯನ್ನು ಕಾರ್ಬೋರೇಟರ್ ಇರುವ ಎತ್ತರಕ್ಕೇ ಹಿಡಿದು. ನೆಲದ ಮೇಲಿನ ಬಾಟಲಿಗೆ ಬಿಟ್ಟರೆ ಎತ್ತರ ಜಾಸ್ತಿಯಾಗಿ ಎಲ್ಲ ಫಿಲ್ಟರೂ ಪಾಸ್ ಆಗಿಬಿಡುತ್ತವೆ.

ಇನ್ನು ಕಸ. ಎಷ್ಟು ಸಣ್ಣದನ್ನು ಹಿಡಿಯಬೇಕು? ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗಕ್ಕೆ ಜೆಟ್ ಅನ್ನುತ್ತಾರೆ. ಕೇಹಿನ್ ಕಂಪನಿಯ ಕಾರ್ಬೋರೇಟರಿನ ಸ್ಲೋ ಜೆಟ್ ಮೇಲೆ 35 ಅಂತ ಕೊರೆದಿದ್ದರೆ ಅದರ ತೂತು 0.35 ಮಿ.ಮೀ. ಸಾಮಾನ್ಯ ನೈಲಾನ್ ಜಾಲರಿಯ ಕಣ್ಣು ಅದಕ್ಕಿಂತ ಎಷ್ಟೋ ಚಿಕ್ಕದು, ಸುಮಾರು 0.1 ಮಿ.ಮೀ. ಆಸುಪಾಸು. ಅಂದರೆ ಜೆಟ್ ಕಟ್ಟಿಸುವ ಚೂರುಗಳನ್ನು ಜಾಲರಿಯೇ ತಡೆಯುತ್ತದೆ. ಅದಕ್ಕಿಂತ ನುಣ್ಣಗಿನ ಕೆಂಪು ತುಕ್ಕಿನ ಪುಡಿ ದಾಟಿ ಹೋಗಿ ಕಾರ್ಬೋರೇಟರಿನ ಕೆಳಗಿರುವ ಫ್ಲೋಟ್ ಬಟ್ಟಲಿನ ತಳದಲ್ಲಿ ಗಸಿಯಾಗಿ ಕೂರುತ್ತದೆ. ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿದರೆ ಅದು ಹೊರಗೆ. ಆದರೆ ಪುಡಿ ತೀರಾ ಜಾಸ್ತಿ ಇದ್ದರೆ ಬಟ್ಟಲು ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಫ್ಲೋಟ್ ನೀಡಲ್ ಸರಿಯಾಗಿ ಕೂರದೆ ಪೆಟ್ರೋಲ್ ಓವರ್‌ಫ್ಲೋ ಆಗುತ್ತದೆ. ಕಾಗದದ ಫಿಲ್ಟರಿಗೆ ಇರುವ ಒಂದೇ ಗಟ್ಟಿ ಸಮರ್ಥನೆ ಇದು.

ಎಥೆನಾಲ್ ವಿಷಯವನ್ನೂ ನೋಡಬೇಕು. 2025ರಿಂದ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ 20% ಎಥೆನಾಲ್. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬೂ ಅದರಲ್ಲಿದೆ, ಅದು ಬೇರೆ ಸಂತೋಷ. ಆದರೆ ಹಳೆ ಬೈಕಿನ ರಬ್ಬರಿಗೆ ಅದು ಆಗಿಬರುವುದಿಲ್ಲ. ಹಳೆ ಪೈಪು ಒಳಗಿನಿಂದ ಚಕ್ಕೆ ಬಿಡುತ್ತದೆ, ಆ ಕರಿ ಚೂರುಗಳೇ ಜೆಟ್‌ಗೆ ಹೋಗುತ್ತವೆ. ಟ್ಯಾಂಕಿನ ಗೋಡೆಗೆ ವರ್ಷಗಟ್ಟಲೆ ಅಂಟಿದ್ದ ಗೋಂದಿನಂಥದ್ದೂ ಬಿಟ್ಟುಕೊಳ್ಳುತ್ತದೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಪೆಟ್ರೋಲ್ ಬಿಡುವ ನಲ್ಲಿ, ಅಂದರೆ ಕಾಕ್, ಇರುವುದೂ ತಳದಲ್ಲೇ ಅಲ್ವಾ!

ಜಾಗ, ಬಿಸಿ, ಅದುರುವಿಕೆ ಇವು ಪ್ರತಿ ಗಾಡಿಗೂ ಬೇರೆ. ದುಡ್ಡಿನ ಮಾತು ಕೊನೆಗೆ ಸಾಕು, ಯಾಕೆಂದರೆ ಇಲ್ಲಿ ಯಾವುದೂ ಅಂಥ ದುಬಾರಿ ಅಲ್ಲ.

ಫಿಲ್ಟರ್ ಕೊಳ್ಳುವ ಮೊದಲು ಟ್ಯಾಂಕಿನೊಳಗೆ ನೋಡಿ

ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಡಿ. ಲೈಟರ್ ಅಲ್ಲ! ನಗಬೇಡಿ, ಹಾಗೆ ನೋಡಿದವರನ್ನು ನಾನು ಕಂಡಿದ್ದೇನೆ. ಗೋಡೆ ಬೂದು ಬಣ್ಣಕ್ಕಿದ್ದರೆ ಒಳ್ಳೆಯದು. ಕಾಫಿ ಪುಡಿ ಮೆತ್ತಿದ ಹಾಗಿದ್ದರೆ ತುಕ್ಕು. ಪೆಟ್ರೋಲನ್ನು ಬಿಳಿ ಬಟ್ಟೆಯ ಮೂಲಕ ಡಬ್ಬಕ್ಕೆ ಇಳಿಸಿ ನೋಡಿ. ಹತ್ತು ಹನ್ನೆರಡು ಚೂರು ಸಿಕ್ಕರೆ ಮಾಮೂಲಿ. ಬಟ್ಟೆ ಕೆಂಪಾದರೆ ಯಾವ ಫಿಲ್ಟರೂ ನಿಮ್ಮನ್ನು ಕಾಪಾಡುವುದಿಲ್ಲ, ಒಂದು ತಿಂಗಳಿಗೆ ಕಟ್ಟಿಕೊಳ್ಳುತ್ತದೆ. ಮೊದಲು ಟ್ಯಾಂಕ್ ಇಳಿಸಿ ತೊಳೆಯಬೇಕು. ಸಿಟ್ರಿಕ್ ಆಸಿಡ್ ಅಥವಾ ವಿನೆಗರ್ ತುಂಬಿ ಒಂದು ದಿನ ಬಿಟ್ಟು, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಚೆನ್ನಾಗಿ ಒಣಗಿಸಬೇಕು. ಒಣಗಿಸುವುದು ತಡವಾದರೆ ಸಂಜೆಯೊಳಗೆ ಮತ್ತೆ ತುಕ್ಕು ಕಾಣುತ್ತದೆ, ಮಳೆಗಾಲದಲ್ಲಂತೂ ಕೇಳಲೇಬೇಡಿ.

ಕಾಕ್ ಬಿಚ್ಚಿದಾಗ ಅದರ ಮೇಲಿನ ಜಾಲರಿ ಕೊಳವೆ ನೋಡಿ. ಹಳೆ ಗಾಡಿಗಳಲ್ಲಿ ಅರ್ಧದಷ್ಟಕ್ಕೆ ಅದು ಹರಿದಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಗಾಡಿಯ ಮೊದಲ ಫಿಲ್ಟರ್ ಅದೇ.

ಫಿಲ್ಟರ್ ಹಾಕದೇ ಇರುವುದು

ಹೌದು, ಇದೂ ಒಂದು ಆಯ್ಕೆ. ಎಷ್ಟೋ ಹಳೆ ಬೈಕುಗಳಿಗೆ ಕಂಪನಿ ಪೈಪಿನ ನಡುವೆ ಫಿಲ್ಟರ್ ಕೊಟ್ಟೇ ಇರಲಿಲ್ಲ. ಟ್ಯಾಂಕಿನೊಳಗಿನ ಜಾಲರಿ, ಕೆಲವಕ್ಕೆ ಕಾಕ್ ಕೆಳಗೆ ಗಸಿ ಹಿಡಿಯುವ ಪುಟ್ಟ ಬಟ್ಟಲು, ಅಷ್ಟರಲ್ಲೇ ಓಡುತ್ತಿದ್ದವು. ಟ್ಯಾಂಕ್ ಚೆನ್ನಾಗಿದ್ದರೆ, ದಿನಾ ಓಡಿಸುವವರಾದರೆ ಈಗಲೂ ಅಷ್ಟು ಸಾಕು. ಹರಿವಿಗೆ ಅಡ್ಡಿ ಇಲ್ಲ, ಸೋರುವ ಹೊಸ ಜಾಯಿಂಟ್ ಇಲ್ಲ. ಕಾಕಾಗೆ ನಾನು ಹೇಳಿದ್ದು ಇದನ್ನೇ. ಅವರ ಟ್ಯಾಂಕ್ ಒಳಗೆ ಕನ್ನಡಿ ಹಾಗಿತ್ತು, ಮುಚ್ಚಳದ ವಾಷರ್ ಮಾತ್ರ ಕಲ್ಲಾಗಿತ್ತು. ಮಳೆನೀರು ಅಲ್ಲಿಂದಲೇ ಇಳಿಯುತ್ತಿತ್ತು. ಹೊಸ ವಾಷರ್, ಹೊಸ ಕಾಕ್ ಜಾಲರಿ, ಹೊಸ ಪೈಪ್. "ಅಷ್ಟ ಏನು? ಫಿಲ್ಟರ್ ಬ್ಯಾಡೇನ?" ಅಂತ ಸ್ವಲ್ಪ ನಿರಾಸೆಯಿಂದಲೇ ಕೇಳಿದರು. ಬ್ಯಾಡ ಕಾಕಾ.

ನೈಲಾನ್ ಜಾಲರಿಯ ಪಾರದರ್ಶಕ ಫಿಲ್ಟರ್

ಹೆಬ್ಬೆರಳಿನ ಗಾತ್ರದ್ದು, ಒಳಗೆ ಬಿಳಿ ಅಥವಾ ಕೇಸರಿ ಜಾಲರಿ. ನಾನು ಕೊಟ್ಟಿದ್ದು 40 ರೂಪಾಯಿ, ನಿಮ್ಮ ಕಡೆ ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಹೆಚ್ಚಿನ ಜನರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಪೆಟ್ರೋಲ್ ಸಲೀಸಾಗಿ ಇಳಿಯುತ್ತದೆ. ಕಸ ಕಣ್ಣಿಗೆ ಕಾಣುತ್ತದೆ, ಅದರ ಬಣ್ಣ ನೋಡಿದರೆ ಎಲ್ಲಿಂದ ಬಂತು ಅಂತಲೂ ಗೊತ್ತಾಗುತ್ತದೆ: ಕೆಂಪು ಟ್ಯಾಂಕಿನದು, ಕಪ್ಪು ಪೈಪಿನದು. ತಳದಲ್ಲಿ ಗುಂಡಗೆ ಉರುಳುವ ಹನಿ ಕಂಡರೆ ಅದು ನೀರು.

ಕೊಳ್ಳುವಾಗ ಪೈಪ್ ಸಿಕ್ಕಿಸುವ ಮೂತಿಯ ಒಳಗಿನ ತೂತು ನೋಡಿ. ಹೊರಗೆ 6 ಮಿ.ಮೀ. ಇದ್ದರೂ ಒಳಗೆ ಕೆಲವದರಲ್ಲಿ ಟೂತ್‌ಪಿಕ್ ಹೋಗುವಷ್ಟೇ ಜಾಗ. ಅಂಥದ್ದು ಬೇಡ. ಎಂಜಿನ್ನಿಗೆ ತೀರಾ ಹತ್ತಿರ ಬರುವ ಕಡೆಯೂ ಬೇಡ, ಪ್ಲಾಸ್ಟಿಕ್ ಹಳದಿಯಾಗಿ ಬಿರುಕು ಬಿಡುತ್ತದೆ. ವರ್ಷಕ್ಕೊಂದು ಹೊಸದು ಹಾಕಿ. ತೊಳೆದು ತೊಳೆದು ಹತ್ತು ವರ್ಷ ಓಡಿಸುವ ಸಾಮಾನಲ್ಲ ಇದು.

ಡೊಂಬಿವಲಿಯ ಆರ್‌ಎಕ್ಸ್ 100ಕ್ಕೆ ಇದೇ. ಟೂ ಸ್ಟ್ರೋಕು, ಓಡಿಸುವವನು ಆಕ್ಸಲರೇಟರ್ ಪೂರ್ತಿ ತಿರುವುವ ಜಾತಿ, ಹಾಗಾಗಿ ಹರಿವು ಮೊದಲು. "ಪೇಪರ್ ಫಿಲ್ಟರ್ ಇನ್ನೂ ಒಳ್ಳೇದಲ್ವಾ ಮಾರಾಯ?" ಅಂದ. ನಿನ್ನ ಪಿಸ್ಟನ್‌ಗೆ ಅಲ್ಲ ಅಂದೆ.

ಕಾಗದದ ಫಿಲ್ಟರ್

ಒಳಗೆ ಮಡಿಕೆ ಮಡಿಕೆ ಕಾಗದ. ಬಹಳ ನುಣುಪಾದ ಪುಡಿಯನ್ನೂ ಹಿಡಿಯುತ್ತದೆ. ಬೈಕಿಗೆಂದೇ ಬರುವುದು, ಕಾಗದದ ಮೈ ಅಗಲ ಇರುವುದು ಸಿಕ್ಕರೆ ಬಳಸಬಹುದು. ಫೋರ್ ಸ್ಟ್ರೋಕ್ ಗಾಡಿ, ನಿಧಾನದ ಸವಾರಿ, ಆಗಷ್ಟೇ ತೊಳೆದ ಟ್ಯಾಂಕಿನಿಂದ ಇನ್ನೂ ಪುಡಿ ಬರುತ್ತಿದೆ ಅನ್ನುವಾಗ ಎರಡು ಮೂರು ತಿಂಗಳಿಗೆ ಇದು ಸರಿ, ಆಮೇಲೆ ಜಾಲರಿಗೆ ಬನ್ನಿ. ನೀರು ತಗುಲಿದರೆ ಕಾಗದ ಉಬ್ಬಿ ಹರಿವು ಇನ್ನೂ ಕಡಿಮೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯಲ್ಲಿ, ಗೋವಾದಲ್ಲಿ ಇದನ್ನು ನಂಬಿಕೊಂಡು ದೂರ ಹೋಗಬೇಡಿ. ಕಾರಿನದಂತೂ ಬೇಡವೇ ಬೇಡ, ಖಂಬಾಟ್ಕಿ ನೆನಪಿರಲಿ.

ಗಾಜು, ಅಲ್ಯೂಮಿನಿಯಂ, ಹಿತ್ತಾಳೆ ಬಣ್ಣದವು

ನೋಡಲು ಚಂದ, ಮೊದಲೇ ಹೇಳಿಬಿಡುತ್ತೇನೆ. ಬಿಚ್ಚಿ ತೊಳೆದು ಮತ್ತೆ ಹಾಕಬಹುದು, ಬಿಸಿಗೆ ಲೋಹ ಜಗ್ಗುವುದಿಲ್ಲ. 200 ರೂಪಾಯಿಯಿಂದ ಮೇಲೆ. ಒಳಗೆ ಎರಡು ಥರ ಬರುತ್ತದೆ. ಸ್ಟೀಲ್ ಜಾಲರಿ ಇದ್ದರೆ ಹರಿವು ಚೆನ್ನಾಗಿರುತ್ತದೆ. ಕಂಚಿನ ಪುಡಿಯನ್ನು ಒತ್ತಿ ಮಾಡಿದ ಟೋಪಿಯಂಥದ್ದು ಇದ್ದರೆ ಅದು ಕಾಗದದ ಹಾಗೇ ಹರಿವನ್ನು ತಡೆಯುತ್ತದೆ, ತೊಳೆದರೂ ಪೂರ್ತಿ ಶುಚಿಯಾಗುವುದಿಲ್ಲ. ನಿಮಿಷದ ಪರೀಕ್ಷೆ ಮಾಡದೆ ಅದನ್ನು ಹಾಕಬೇಡಿ.

ತೊಂದರೆ ಏನೆಂದರೆ ತೂಕ ಮತ್ತು ಅದುರುವಿಕೆ. ಬರೀ ಪೈಪಿನಲ್ಲಿ ನೇತಾಡುವ ಲೋಹದ ತುಂಡು ಬುಲೆಟ್ಟಿನಂಥ ಗಾಡಿಯಲ್ಲಿ ಕುಣಿದು ಕುಣಿದು ತಿರುಪಿನ ಮರೆ ಸಡಿಲಿಸಿಕೊಳ್ಳುತ್ತದೆ, ಒಳಗಿನ ರಬ್ಬರ್ ಉಂಗುರ, ಓ-ರಿಂಗ್, ಎಥೆನಾಲ್‌ಗೆ ಉಬ್ಬಿದರೆ ಸೋರಲು ಶುರು. ಮಡಗಾಂವ್‌ನವನಿಗೆ ಗಾಜಿನದೇ ಬೇಕಿತ್ತು, ಫೋಟೊ ಬೇರೆ ಕಳಿಸಿದ್ದ. ವಾದ ಮಾಡಿ ಸೋತೆ. ಅವನು ತಿಂಗಳಿಗೊಮ್ಮೆ ಗಾಡಿ ಮುಂದೆ ಕೂತು ಉಜ್ಜುವವನು, ಹಾಗಾಗಿ ನಡೆಯುತ್ತದೆ. ಫ್ರೇಮಿಗೆ ರಬ್ಬರ್ ಹಾಕಿ ಕಟ್ಟಿಸು, ಎರಡು ವಾರಕ್ಕೊಮ್ಮೆ ಬೆರಳಿಟ್ಟು ಒದ್ದೆ ಇದೆಯಾ ನೋಡು ಅಂದೆ. ಅವನಿಗೆ ನಿಜವಾಗಿ ಬೇಕಿದ್ದದ್ದು ಬೇರೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಡಿ ಅರ್ಧ ಟ್ಯಾಂಕಿನಲ್ಲಿ ನಿಂತಿರುತ್ತದೆ. ಖಾಲಿ ಜಾಗದ ತೇವದ ಗಾಳಿಯೇ ತುಕ್ಕಿಗೆ ಮೂಲ. ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ಕಾಕ್ ಬಂದ್ ಮಾಡಿ, ಕಾರ್ಬೋರೇಟರ್ ಬಟ್ಟಲನ್ನು ಖಾಲಿ ಮಾಡಿ ನಿಲ್ಲಿಸಬೇಕು.

ಹಾಕುವುದು ಹೇಗೆ

ಅರ್ಧ ಗಂಟೆಯ ಕೆಲಸ. ಎಂಜಿನ್ ತಣ್ಣಗಿರಲಿ, ಬಯಲಲ್ಲಿ ಮಾಡಿ, ಬೀಡಿ ಸಿಗರೇಟ್ ದೂರ. ಕಾಕ್ ಬಂದ್ ಮಾಡಿ, ಹಳೆ ಪೈಪ್ ತೆಗೆದು ಬಿಸಾಡಿ. ಹಳೆ ಪೈಪನ್ನೇ ಕತ್ತರಿಸಿ ನಡುವೆ ಫಿಲ್ಟರ್ ಸಿಕ್ಕಿಸುವುದು ಸುಮ್ನೆ ಅರ್ಧ ಕೆಲಸ. ಹೊಸ ಪೈಪ್ ನೈಟ್ರೈಲ್ ರಬ್ಬರಿನದು ಬರಲಿ, ದುಡ್ಡಿದ್ದರೆ ವೈಟಾನ್ ರಬ್ಬರಿನದು ಇನ್ನೂ ಒಳ್ಳೆಯದು. ಮೀಟರ್ ಲೆಕ್ಕದಲ್ಲಿ ಸಿಗುವ ಪಾರದರ್ಶಕ ಪಿವಿಸಿ ಪೈಪ್ ಕೆಲವೇ ತಿಂಗಳಲ್ಲಿ ಹಳದಿಯಾಗಿ, ಗಟ್ಟಿಯಾಗಿ ಕಳಚಿಕೊಳ್ಳುತ್ತದೆ. ಅಳತೆಗೆ ವರ್ನಿಯರ್ ಬೇಕಿಲ್ಲ, ಡ್ರಿಲ್ ಬಿಟ್‌ನ ಹಿಂಬದಿ ತೂರಿಸಿ ನೋಡಿದರೆ 5, 6, 8 ಮಿ.ಮೀ. ಯಾವುದು ಅಂತ ತಿಳಿಯುತ್ತದೆ.

ಫಿಲ್ಟರ್ ಮೇಲಿನ ಬಾಣ ಕಾರ್ಬೋರೇಟರ್ ಕಡೆಗೆ. ನಿಂತ ಹಾಗೆ ಅಥವಾ ಓರೆಯಾಗಿ ಇರಲಿ, ಟ್ಯಾಂಕಿನ ಕಡೆಯ ತುದಿ ಮೇಲೆ. ಆಗ ಒಳಗಿನ ಗಾಳಿ ಗುಳ್ಳೆ ಮೇಲಕ್ಕೆ ಹೋಗಿ ಟ್ಯಾಂಕ್ ಸೇರುತ್ತದೆ. ಪೈಪ್ ಎಲ್ಲೂ ಡೊಂಕಾಗಿ ಮೇಲೇಳಬಾರದು, ಎದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ಪೆಟ್ರೋಲ್ ನಿಲ್ಲುತ್ತದೆ. ಜಾಗ ಸಾಲದೆ ಪೈಪ್ ಮಡಚಿ ಹಾಕಬೇಕಾದರೆ ಆ ಗಾಡಿಗೆ ಫಿಲ್ಟರೇ ಬೇಡ. ಸಿಲಿಂಡರಿನ ರೆಕ್ಕೆಗಳಿಂದ ಎರಡು ಬೆರಳಾದರೂ ದೂರ ಇರಲಿ. ಗಟ್ಟಿ ಪೈಪನ್ನು ಬಿಸಿನೀರಲ್ಲಿ ಅದ್ದಿ ಒರೆಸಿದರೆ ಮೆತ್ತಗಾಗುತ್ತದೆ. ಸ್ಕ್ರೂ ಕ್ಲ್ಯಾಂಪ್ ಪ್ಲಾಸ್ಟಿಕ್ ಮೂತಿಯನ್ನು ಹಿಸುಕಿ ಸೀಳುತ್ತದೆ, ತಂತಿಯ ಸ್ಪ್ರಿಂಗ್ ಕ್ಲಿಪ್ ಸಾಕು, ನಾಲ್ಕೂ ಕಡೆ ಹಾಕಿ.

ಕಾಕ್ ತೆರೆದ ಮೇಲೆ ಡ್ರೈನ್ ಸ್ಕ್ರೂ ಒಂದು ಸುತ್ತು ಸಡಿಲಿಸಿ ಸ್ವಲ್ಪ ಪೆಟ್ರೋಲ್ ಡಬ್ಬಕ್ಕೆ ಹರಿಸಿ, ಗಾಳಿ ಹೋಗಲಿ. ಜಾಯಿಂಟುಗಳಿಗೆ ಟಿಶ್ಯೂ ಕಾಗದ ಒತ್ತಿ ನೋಡಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ. ಫಿಲ್ಟರ್ ಅರ್ಧ ಮಾತ್ರ ತುಂಬಿ ಕಂಡರೆ ಗಾಬರಿ ಬೇಡ, ಇಂಥ ಗಾಡಿಗಳಲ್ಲಿ ಅದು ಮಾಮೂಲಿ. ಬಾಟಲಿ ಪರೀಕ್ಷೆ ಪಾಸಾದರೆ ಸಾಕು.

ಇಷ್ಟೆಲ್ಲ ಮಾಡಿಯೂ ಹೈವೇಯಲ್ಲಿ ಗಾಡಿ ನಿಂತರೆ ಮೊದಲು ಟ್ಯಾಂಕ್ ಮುಚ್ಚಳ ತೆಗೆಯಿರಿ. ಸುಯ್ ಅಂತ ಗಾಳಿ ಎಳೆದುಕೊಂಡು ಗಾಡಿ ಸರಿಯಾದರೆ ಮುಚ್ಚಳದ ಉಸಿರಿನ ತೂತು ಕಟ್ಟಿದೆ, ಫಿಲ್ಟರಿನ ತಪ್ಪಲ್ಲ. ನಾನು ಇದಕ್ಕೆಂದೇ ಮುಚ್ಚಳವನ್ನು ತಿಂಗಳಿಗೊಮ್ಮೆ ಊದಿ ನೋಡುತ್ತೇನೆ. ಸೀಟಿನ ಕೆಳಗೆ ಒಂದು 40 ರೂಪಾಯಿಯ ಫಿಲ್ಟರ್, ಎರಡು ಕ್ಲಿಪ್, ಕಾಕ್‌ನಿಂದ ಕಾರ್ಬೋರೇಟರ್‌ವರೆಗೆ ನೇರ ಮುಟ್ಟುವಷ್ಟು ಪೈಪ್ ಇರುತ್ತವೆ. ಫಿಲ್ಟರ್ ಕಟ್ಟಿಕೊಂಡರೆ ಅದನ್ನು ಬಿಟ್ಟು ಆ ಪೈಪನ್ನೇ ಹಾಕಿಕೊಂಡು ಮನೆ ಮುಟ್ಟಬಹುದು.